ಕೊನೆಯ ಹಂತ ಯಾವಾಗ ಬಂತು?

ತಂಗಿಯ ಮಗಳು ಪಿಯುಸಿ ಎರಡನೇ ವರ್ಷದಲ್ಲಿದ್ದಾಗ ಕೇಳಿದ ಪ್ರಶ್ನೆ ಇದು. ರಮಝಾನಿನ ಒಂದು ಸಂಜೆ. ಮಗ್ರಿಬ್ ನಮಾಝ್ ಮುಗಿಸಿ ನಾವೆಲ್ಲ ಜಗಲಿಯಲ್ಲಿ ಕುಳಿತಿದ್ದೆವು. ಮಾತು ಎಲ್ಲೆಲ್ಲೋ ಹೋಗಿ ಹಲಾಲ್-ಹರಾಮ್‌ಗಳ ಕಡೆ ತಿರುಗಿತ್ತು. ಹುಡುಗಿ ಇದ್ದಕ್ಕಿದ್ದಂತೆ ಕೇಳಿದಳು: “ಮಾಮ, ಅಲ್ಲಾಹು ಹಂದಿ ಮಾಂಸ ಬೇಡ ಅಂದ, ಬಡ್ಡಿ ಬೇಡ ಅಂದ, ಮದ್ಯ ಬೇಡ ಅಂದ. ಮನುಷ್ಯರನ್ನು ಕೊಂಡು ಮಾರಬೇಡಿ ಅಂತ ಅಷ್ಟೇ ನೇರವಾಗಿ ಒಂದು ಮಾತು ಯಾಕೆ ಹೇಳಲಿಲ್ಲ?”

ನನ್ನ ಬಳಿ ಸಿದ್ಧ ಉತ್ತರವಿತ್ತು. ನಮ್ಮಲ್ಲಿ ಎಲ್ಲರ ಬಳಿಯೂ ಇರುವ ಉತ್ತರವೇ ಅದು. ಅಂದಿನ ಅರೇಬಿಯಾದಲ್ಲಿ ಗುಲಾಮಗಿರಿ ಆರ್ಥಿಕ ವ್ಯವಸ್ಥೆಯ ಬೇರಾಗಿತ್ತು, ಒಂದೇ ಏಟಿಗೆ ಕಿತ್ತಿದ್ದರೆ ಗುಲಾಮರೇ ಬೀದಿಪಾಲಾಗುತ್ತಿದ್ದರು, ಆದ್ದರಿಂದ ಇಸ್ಲಾಮ್ ಅದನ್ನು ಹಂತ ಹಂತವಾಗಿ ಒಣಗಿಸುವ ದಾರಿ ಹಿಡಿಯಿತು ಎಂದೆ. ಮದ್ಯದ ಉದಾಹರಣೆಯನ್ನೂ ಕೊಟ್ಟೆ. ಮೊದಲು ಅದರಲ್ಲಿ ಲಾಭಕ್ಕಿಂತ ಕೆಡುಕು ಹೆಚ್ಚು ಎಂದು ಹೇಳಲಾಯಿತು, ಆಮೇಲೆ ಅಮಲಿನಲ್ಲಿ ನಮಾಝ್‌ಗೆ ಬರಬೇಡಿ ಎನ್ನಲಾಯಿತು, ಕೊನೆಗೆ ಪೂರ್ತಿ ನಿಷೇಧ ಬಂತು. ಹುಡುಗಿ ತಾಳ್ಮೆಯಿಂದ ಕೇಳಿಸಿಕೊಂಡಳು. ಆಮೇಲೆ, “ಸರಿ ಮಾಮ, ಮದ್ಯಕ್ಕೆ ಕೊನೆಯ ಹಂತ ಅಂತ ಒಂದು ಬಂತಲ್ಲ? ಗುಲಾಮಗಿರಿಗೆ ಕೊನೆಯ ಹಂತ ಯಾವಾಗ ಬಂತು?” ಎಂದಳು.

ನಾನು ಸುಮ್ಮನಾದೆ. ಒಳಗಿನಿಂದ ಉಮ್ಮ, “ಪಡೆದವನಿಗೇ ಪ್ರಶ್ನೆ ಹಾಕುತ್ತೀಯಾ?” ಎಂದು ಗದರಿದರು. ಹುಡುಗಿ ಎದ್ದು ಹೋದಳು. ಪ್ರಶ್ನೆ ಮಾತ್ರ ಜಗಲಿಯಲ್ಲೇ ಉಳಿಯಿತು.

ಸಾವಿರಾರು ವರ್ಷಗಳ ಹಿಂದಿನ ಧಾರ್ಮಿಕ ಆಜ್ಞೆಗಳು ಇಂದಿನ ನಮ್ಮ ನೈತಿಕ ಬದುಕಿಗೆ ನಂಬಬಹುದಾದ ಮಾರ್ಗದರ್ಶಿಗಳೇ ಎಂಬ ಚರ್ಚೆಯನ್ನು ನಮ್ಮಲ್ಲಿ ಸಾಮಾನ್ಯವಾಗಿ ಇಬ್ಬರು ನಡೆಸುತ್ತಾರೆ. ಧರ್ಮವೆಂದರೆ ಮೂಢತನವೆಂದು ಮೊದಲೇ ತೀರ್ಮಾನಿಸಿದವರು ಒಂದು ಕಡೆ, ಪ್ರಶ್ನೆಯೆಂದರೆ ಈಮಾನ್‌ನ ಕೊರತೆ ಎಂದು ತೀರ್ಮಾನಿಸಿದವರು ಇನ್ನೊಂದು ಕಡೆ. ಇಬ್ಬರೂ ಪಠ್ಯವನ್ನು ನಿಧಾನವಾಗಿ ಓದುವ ಕಷ್ಟಕ್ಕೆ ಹೋಗುವುದಿಲ್ಲ. ನಂಬಿಕೆಯ ಮನೆಯಲ್ಲೇ ಬೆಳೆದ, ಆ ಮನೆಯನ್ನು ಬಿಡುವ ಉದ್ದೇಶವಿಲ್ಲದ ನನ್ನಂಥವರಿಗೆ ಈ ಎರಡೂ ಜಾಗದಲ್ಲಿ ಕೂರಲು ಆಗುವುದಿಲ್ಲ. ಆದ್ದರಿಂದ ಹುಡುಗಿ ಎತ್ತಿದ ಒಂದೇ ವಿಷಯವನ್ನು ಹಿಡಿದು ಹೋಗುತ್ತೇನೆ. ಗುಲಾಮಗಿರಿ ತಪ್ಪು ಎಂಬುದರಲ್ಲಿ ಇಂದು ಯಾರಿಗೂ ಅನುಮಾನವಿಲ್ಲ. ಹಾಗಾದರೆ ಅದು ತಪ್ಪೆಂದು ನಮಗೆ ಗೊತ್ತಾದದ್ದು ಎಲ್ಲಿಂದ?

ಯಹೂದಿ, ಕ್ರೈಸ್ತ, ಮುಸ್ಲಿಮ್ ಈ ಮೂರೂ ಸಮುದಾಯಗಳು ಗೌರವಿಸುವ ಪ್ರವಾದಿ ಮೂಸಾ ಅವರಿಂದ ಆರಂಭಿಸೋಣ. ಸೀನಾಯಿ ಬೆಟ್ಟದಲ್ಲಿ ಅವರಿಗೆ ದೊರೆತ ದಶಾಜ್ಞೆಗಳನ್ನು ನೀತಿಯ ಅಡಿಗಲ್ಲೆಂದು ಜಗತ್ತಿನ ದೊಡ್ಡ ಭಾಗ ಇಂದಿಗೂ ನಂಬುತ್ತದೆ. ಅಮೆರಿಕದ ಲೂಸಿಯಾನಾ ರಾಜ್ಯ 2024ರಲ್ಲಿ ಪ್ರತಿ ಸರಕಾರಿ ಶಾಲೆಯ ತರಗತಿಯಲ್ಲೂ ಅವುಗಳನ್ನು ಗೋಡೆಗೆ ಹಾಕಬೇಕೆಂದು ಕಾನೂನು ಮಾಡಿತು. ಕೊಲೆ ಬೇಡ, ಕಳವು ಬೇಡ, ಸುಳ್ಳುಸಾಕ್ಷಿ ಬೇಡ ಎಂಬವುಗಳ ಬಗ್ಗೆ ಯಾರದೂ ತಕರಾರಿಲ್ಲ. ಆದರೆ ಹತ್ತನೆಯ ಆಜ್ಞೆಯನ್ನು ಒಮ್ಮೆ ಬಿಡಿಸಿ ನೋಡಬೇಕು. ನೆರೆಯವನದಕ್ಕೆ ಆಸೆಪಡಬೇಡ ಎಂದು ಹೇಳುವ ಅದು ನೆರೆಯವನದೇನೇನು ಎಂದು ಪಟ್ಟಿ ಕೊಡುತ್ತದೆ. ಮನೆ, ಹೆಂಡತಿ, ದಾಸ, ದಾಸಿ, ಎತ್ತು, ಕತ್ತೆ. ಆಸೆಬುರುಕತನವನ್ನು ಖಂಡಿಸುವ ಆಜ್ಞೆಯಲ್ಲೇ ದಾಸದಾಸಿಯರು ಎತ್ತು-ಕತ್ತೆಗಳ ಜೊತೆ ಆಸ್ತಿಯ ಸಾಲಿನಲ್ಲಿ ನಿಂತಿದ್ದಾರೆ. ಆಜ್ಞೆ ಯಾರನ್ನು ಉದ್ದೇಶಿಸಿದೆ ಎಂಬುದೂ ಇದರಿಂದಲೇ ತಿಳಿಯುತ್ತದೆ. ಮನೆಯೂ ಹೆಂಡತಿಯೂ ದಾಸರೂ ಇರುವ ಗಂಡಸನ್ನು. ದಾಸಿಯ ಕಿವಿಗೆ ಆ ಆಜ್ಞೆ ಬಿದ್ದಿದ್ದರೆ ಅವಳಿಗೆ ಅದರಲ್ಲಿ ಏನಿತ್ತು?

ಬೈಬಲಿನ ವಿಮೋಚನಾಕಾಂಡ ದಶಾಜ್ಞೆಗಳನ್ನು ಹೇಳಿದ ಮರು ಅಧ್ಯಾಯದಲ್ಲೇ ಗುಲಾಮರ ಕಾನೂನುಗಳನ್ನು ಹೇಳುತ್ತದೆ. ಇಬ್ರಿಯ ಗುಲಾಮನನ್ನು ಏಳನೆಯ ವರ್ಷ ಬಿಡಬೇಕು. ಯಜಮಾನ ಹೊಡೆದಾಗ ಗುಲಾಮ ಅಲ್ಲೇ ಸತ್ತರೆ ಶಿಕ್ಷೆಯುಂಟು, ಒಂದೆರಡು ದಿನ ಬದುಕಿದ್ದು ಸತ್ತರೆ ಇಲ್ಲ, ಏಕೆಂದರೆ ಅವನು ಯಜಮಾನನ ಸೊತ್ತು. ಅದೇ ಗ್ರಂಥದ ಹೆಸರೇ ವಿಮೋಚನೆ ಎಂಬುದನ್ನು ಮರೆಯಬಾರದು. ಈಜಿಪ್ಟಿನ ಇಟ್ಟಿಗೆ ಭಟ್ಟಿಗಳಿಂದ ಗುಲಾಮರನ್ನು ಹೊರತಂದ ದೇವರ ಕಥೆ ಅದು. ಬಿಡುಗಡೆಯ ಕಥೆಯೂ ಗುಲಾಮರ ಕಾನೂನೂ ಒಂದೇ ಹೊತ್ತಗೆಯಲ್ಲಿ ಅಕ್ಕಪಕ್ಕ ಕುಳಿತಿವೆ.

ಇದು ಬರೀ ಓದುಗರ ತಕರಾರಲ್ಲ ಎಂಬುದಕ್ಕೆ ಒಂದು ಪುಸ್ತಕ ಸಾಕ್ಷಿಯಿದೆ. 1807ರಲ್ಲಿ ಲಂಡನ್ನಿನಲ್ಲಿ, ವೆಸ್ಟ್ ಇಂಡೀಸ್‌ನ ಕಬ್ಬಿನ ತೋಟಗಳ ನೀಗ್ರೋ ಗುಲಾಮರಿಗಾಗಿಯೇ ಒಂದು ಬೈಬಲ್ ಅಚ್ಚಾಯಿತು. ಆಯ್ದ ಭಾಗಗಳು ಎಂದು ಅದರ ಶೀರ್ಷಿಕೆಯೇ ಹೇಳುತ್ತಿತ್ತು. ಹಳೆಯ ಒಡಂಬಡಿಕೆಯ ಬಹುಪಾಲು ಅದರಲ್ಲಿರಲಿಲ್ಲ. ಮೂಸಾ ತನ್ನ ಜನರನ್ನು ಫರೋಹನ ಕೈಯಿಂದ ಬಿಡಿಸಿಕೊಂಡು ಹೋದ ಕಥೆಯನ್ನು ಕತ್ತರಿಸಿ ತೆಗೆಯಲಾಗಿತ್ತು. ದಾಸರೇ, ನಿಮ್ಮ ಯಜಮಾನರಿಗೆ ವಿಧೇಯರಾಗಿರಿ ಎಂಬ ಪೌಲನ ಉಪದೇಶ ಮಾತ್ರ ಭದ್ರವಾಗಿ ಉಳಿದಿತ್ತು. ಆ ಕತ್ತರಿ ಹಿಡಿದವರಿಗೆ ಗ್ರಂಥ ಚೆನ್ನಾಗಿ ಅರ್ಥವಾಗಿತ್ತು ಎಂದೇ ನನಗನ್ನಿಸುತ್ತದೆ. ಯಾವ ಪುಟ ಯಾರ ಕೈಗೆ ಸಿಕ್ಕಿದರೆ ಏನಾಗುತ್ತದೆ ಎಂದು ಅವರಿಗೆ ಗೊತ್ತಿತ್ತು.

ಅಮೆರಿಕದ ದಕ್ಷಿಣದ ಪಾದ್ರಿಗಳಿಗೆ ಅಷ್ಟು ಕತ್ತರಿಯೂ ಬೇಕಾಗಲಿಲ್ಲ. ಇಬ್ರಾಹೀಮರಿಗೆ ಗುಲಾಮರಿದ್ದರು, ಮೂಸಾರ ಕಾನೂನು ಗುಲಾಮಗಿರಿಯನ್ನು ಒಪ್ಪಿತ್ತು, ಏಸು ಅದನ್ನು ಖಂಡಿಸಲಿಲ್ಲ, ಓಡಿಬಂದ ಗುಲಾಮನ ವಿಷಯದಲ್ಲಿ ಪೌಲ ಅವನ ಯಜಮಾನ ಫಿಲೆಮೋನನಿಗೇ ಪತ್ರ ಬರೆದು ಅವನನ್ನು ವಾಪಸ್ ಕಳಿಸಿದ. ವಾದ ಅಷ್ಟೇ, ಸರಳ. ಮಿಷನರಿಗಳು ಗುಲಾಮರನ್ನು ಇಟ್ಟುಕೊಳ್ಳಬಹುದೇ ಎಂಬ ಜಗಳದಲ್ಲಿ ಬ್ಯಾಪ್ಟಿಸ್ಟ್ ಚರ್ಚು ಒಡೆದು 1845ರಲ್ಲಿ ಸದರ್ನ್ ಬ್ಯಾಪ್ಟಿಸ್ಟ್ ಕನ್ವೆನ್ಷನ್ ಹುಟ್ಟಿತು. ತಮ್ಮ ಹಿರಿಯರು ಮಾಡಿದ್ದು ಪಾಪ ಎಂದು ಅದು ಕ್ಷಮೆ ಕೇಳಿದ್ದು 1995ರಲ್ಲಿ, ನೂರೈವತ್ತು ವರ್ಷಗಳ ಮೇಲೆ. ಗುಲಾಮನಾಗಿ ಹುಟ್ಟಿ ತಪ್ಪಿಸಿಕೊಂಡು ಬಂದ ಫ್ರೆಡರಿಕ್ ಡಗ್ಲಾಸ್ 1845ರಲ್ಲೇ ತನ್ನ ಆತ್ಮಕಥೆಯ ಕೊನೆಗೆ ಒಂದು ಟಿಪ್ಪಣಿ ಸೇರಿಸಿ, ತಾನು ಬೈಯುತ್ತಿರುವುದು ಏಸುವಿನ ಧರ್ಮವನ್ನಲ್ಲ, ಈ ನಾಡಿನ ಧರ್ಮವನ್ನು ಎಂದು ಬೇರ್ಪಡಿಸಿ ಹೇಳಬೇಕಾಯಿತು. ಅಂತರ್ಯುದ್ಧದ ಕೊನೆಯಲ್ಲಿ, 1865ರ ತನ್ನ ಭಾಷಣದಲ್ಲಿ ಲಿಂಕನ್ ನೆನಪಿಸಿದ್ದೂ ಇದನ್ನೇ. ಎರಡೂ ಪಕ್ಷದವರು ಓದುವುದು ಒಂದೇ ಬೈಬಲ್, ಬೇಡುವುದು ಒಬ್ಬನೇ ದೇವರನ್ನು.

ಇಷ್ಟು ಓದಿದ ಕೂಡಲೇ ನಮ್ಮವರಿಗೆ ಒಂದು ಬಗೆಯ ಸಮಾಧಾನ ಹುಟ್ಟುತ್ತದೆ. ಇದೆಲ್ಲ ಅವರ ಕಥೆ, ನಮ್ಮದು ಹಾಗಲ್ಲ ಎಂದು. ಆ ಸಮಾಧಾನದಲ್ಲಿ ಸತ್ಯದ ಅಂಶವೂ ಇದೆ. ಕುರ್‌ಆನ್ ಗುಲಾಮನ ಬಿಡುಗಡೆಯನ್ನು ಕಡಿದಾದ ಏರುದಾರಿಯೆಂದು, ಅತಿ ದೊಡ್ಡ ಪುಣ್ಯವೆಂದು ಹೇಳುತ್ತದೆ. ಹಲವು ತಪ್ಪುಗಳಿಗೆ ಪ್ರಾಯಶ್ಚಿತ್ತವಾಗಿ ಗುಲಾಮರನ್ನು ಬಿಡಬೇಕೆಂದು ವಿಧಿಸುತ್ತದೆ. ಝಕಾತ್ ಹಣವನ್ನು ಖರ್ಚು ಮಾಡಬೇಕಾದ ಎಂಟು ಬಾಬ್ತುಗಳಲ್ಲಿ ಗುಲಾಮರ ಬಿಡುಗಡೆಯೂ ಒಂದು. ದುಡಿದು ತೀರಿಸುತ್ತೇನೆ, ಬಿಡುಗಡೆಯ ಪತ್ರ ಬರೆದುಕೊಡಿ ಎಂದು ಗುಲಾಮ ಕೇಳಿದರೆ ಬರೆದುಕೊಡಿ ಎನ್ನುತ್ತದೆ. ಸುಡುವ ಮರಳಿನ ಮೇಲೆ ಎದೆಗೆ ಬಂಡೆ ಹೇರಿಸಿಕೊಂಡು ನರಳಿದ ಬಿಲಾಲ್ ಇಸ್ಲಾಮಿನ ಮೊದಲ ಮುಅದ್ದಿನ್ ಆದರು. ಏಳನೆಯ ಶತಮಾನದಲ್ಲಿ ನಿಂತು ನೋಡಿದರೆ ಇದು ಸಣ್ಣ ಮಾತಲ್ಲ.

ಆದರೆ ಹುಡುಗಿಯ ಪ್ರಶ್ನೆ ಇದಲ್ಲವಲ್ಲ. ಪ್ರವಾದಿಯವರು(ಸ) ತೀರಿಕೊಂಡು ಎರಡೂವರೆ ಶತಮಾನವೂ ಆಗಿರಲಿಲ್ಲ, ಬಸ್ರಾದ ಉಪ್ಪುನೆಲವನ್ನು ಹಸನು ಮಾಡಲು ತಂದಿದ್ದ ಆಫ್ರಿಕದ ಗುಲಾಮರು ಬಂಡೆದ್ದರು. 869ರಿಂದ 883ರವರೆಗೆ ಹದಿನಾಲ್ಕು ವರ್ಷ ಅಬ್ಬಾಸಿ ಖಿಲಾಫತ್ತನ್ನು ನಡುಗಿಸಿದ ಝಂಜ್ ದಂಗೆ ಅದು. ಅವರು ಬಂಡೆದ್ದದ್ದು ಮುಸ್ಲಿಮ್ ಯಜಮಾನರ ವಿರುದ್ಧ. ಬೇರೆಲ್ಲ ಬಿಡಿ, ಝಾಂಝಿಬಾರದ ಗುಲಾಮರ ಸಂತೆ ಮುಚ್ಚಿದ್ದು 1873ರಲ್ಲಿ, ಅದೂ ಬ್ರಿಟಿಷರ ಒತ್ತಡದಿಂದ. ಸೌದಿ ಅರೇಬಿಯಾದಲ್ಲಿ ಗುಲಾಮಗಿರಿ ರದ್ದಾದದ್ದು 1962ರಲ್ಲಿ. ಮಾರಿಟಾನಿಯಾದಲ್ಲಿ 1981ರಲ್ಲಿ, ಅದನ್ನು ಶಿಕ್ಷಾರ್ಹ ಅಪರಾಧವೆಂದು ಸಾರಿದ್ದು 2007ರಲ್ಲಿ. ಒಣಗಿಸುವ ದಾರಿ ಹಿಡಿದ ಮರ ಸಾವಿರದ ಮುನ್ನೂರು ವರ್ಷ ಹಸಿರಾಗಿಯೇ ನಿಂತಿತ್ತು ಎಂದರೆ ನೀರು ಹಾಕುತ್ತಿದ್ದವರು ಯಾರು?

ಹೊರಗಿನವರ ಒತ್ತಡವೊಂದೇ ಕಾರಣವಾಗಿತ್ತು ಎಂದರೂ ತಪ್ಪಾಗುತ್ತದೆ. ಟ್ಯುನೀಸಿಯಾದ ಅಹ್ಮದ್ ಬೇ 1846ರಲ್ಲಿ, ಅಮೆರಿಕಕ್ಕಿಂತ ಹತ್ತೊಂಬತ್ತು ವರ್ಷ ಮೊದಲೇ, ಗುಲಾಮಗಿರಿಯನ್ನು ರದ್ದು ಮಾಡಿದ. ಅವನು ಮುಫ್ತಿಗಳ ಮುಂದಿಟ್ಟ ವಾದ ಶರೀಅತ್‌ನ ಒಳಗಿನದೇ ಆಗಿತ್ತು. ಈ ಗುಲಾಮರನ್ನು ಹಿಡಿದು ತಂದ ರೀತಿಯೇ ಅಕ್ರಮವೆಂಬ ಅನುಮಾನವಿದೆ, ಯಜಮಾನರು ಅವರನ್ನು ಶರೀಅತ್ ಹೇಳಿದಂತೆ ನೋಡಿಕೊಳ್ಳುತ್ತಲೂ ಇಲ್ಲ ಎಂದು. ನಮ್ಮ ದೇಶದಲ್ಲಿ ಸರ್ ಸಯ್ಯದ್ ಅಹ್ಮದ್ ಖಾನ್ ಇನ್ನೂ ಮುಂದೆ ಹೋದರು. ಯುದ್ಧದ ಸೆರೆಯಾಳುಗಳನ್ನು ದಯೆಯಿಂದ ಬಿಡಿ ಇಲ್ಲವೇ ಪರಿಹಾರ ಪಡೆದು ಬಿಡಿ ಎಂದಷ್ಟೇ ಕುರ್‌ಆನ್ ಹೇಳುತ್ತದೆ, ಮೂರನೆಯ ದಾರಿ ಅಲ್ಲಿಲ್ಲ, ಆದ್ದರಿಂದ ಹೊಸದಾಗಿ ಯಾರನ್ನೂ ಗುಲಾಮರನ್ನಾಗಿ ಮಾಡುವಂತಿಲ್ಲ ಎಂಬುದು ಅವರ ಓದು. ಅದೇ ಆಯತ್ ಹಿಂದೆಯೂ ಇತ್ತು, ಲಕ್ಷಾಂತರ ಮಂದಿ ಬಾಯಿಪಾಠ ಮಾಡಿದ್ದರು. ಹತ್ತೊಂಬತ್ತನೆಯ ಶತಮಾನದ ಕಣ್ಣಿಗೆ ಅದು ಬೇರೆಯಾಗಿ ಕಂಡಿತು. ಆ ಕಣ್ಣು ಎಲ್ಲಿಂದ ಬಂತು ಎಂಬುದೇ ನನ್ನ ಪ್ರಶ್ನೆ.

ಈ ಪ್ರಶ್ನೆ ಬರೀ ಇತಿಹಾಸದ ಪ್ರಶ್ನೆಯಾಗಿ ಉಳಿಯಲಿಲ್ಲ. 2014ರ ಆಗಸ್ಟ್‌ನಲ್ಲಿ ಇರಾಕಿನ ಸಿಂಜಾರ್ ಪ್ರದೇಶಕ್ಕೆ ನುಗ್ಗಿದ ಐಸಿಸ್ ಪಡೆ ಯಝೀದಿ ಗಂಡಸರನ್ನು ಕೊಂದು ಹೆಣ್ಣುಮಕ್ಕಳನ್ನು ಹಂಚಿಕೊಂಡಿತು, ಸಂತೆಯಲ್ಲಿ ಮಾರಿತು. ಕೋಚೋ ಹಳ್ಳಿಯ ನಾದಿಯಾ ಮುರಾದ್ ಅವರಲ್ಲೊಬ್ಬಳು. ತಪ್ಪಿಸಿಕೊಂಡು ಬಂದ ಆಕೆ ಅದನ್ನೆಲ್ಲ ಜಗತ್ತಿನ ಮುಂದೆ ಹೇಳಿದಳು, 2018ರಲ್ಲಿ ಆಕೆಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಐಸಿಸ್ ತನ್ನ ಕೃತ್ಯವನ್ನು ಅಡಗಿಸಲಿಲ್ಲ. ತನ್ನ ಪತ್ರಿಕೆಯಲ್ಲಿ ಹಳೆಯ ಫಿಕ್ಹ್ ಗ್ರಂಥಗಳ ಆಧಾರ ಕೊಟ್ಟು, ತಾವು ಮರೆತುಹೋದ ವಿಧಿಯೊಂದನ್ನು ಮತ್ತೆ ಜೀವಂತಗೊಳಿಸುತ್ತಿದ್ದೇವೆ ಎಂದು ಬೀಗಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಜಗತ್ತಿನ ನೂರಕ್ಕೂ ಹೆಚ್ಚು ಮುಸ್ಲಿಮ್ ವಿದ್ವಾಂಸರು ಅದರ ನಾಯಕ ಬಗ್ದಾದಿಗೆ ಬಹಿರಂಗ ಪತ್ರ ಬರೆದರು. ಗುಲಾಮಗಿರಿಯನ್ನು ಮತ್ತೆ ತರುವುದು ಇಸ್ಲಾಮಿನಲ್ಲಿ ನಿಷಿದ್ಧ, ಅದು ಸಾರ್ವತ್ರಿಕ ಒಮ್ಮತದಿಂದ ರದ್ದಾಗಿದೆ, ಒಂದು ಶತಮಾನಕ್ಕೂ ಹೆಚ್ಚು ಕಾಲದಿಂದ ಮುಸ್ಲಿಮರೂ ಇಡೀ ಜಗತ್ತೂ ಇದರಲ್ಲಿ ಒಂದಾಗಿದ್ದಾರೆ ಎಂದು ಅದರಲ್ಲಿ ಹೇಳಿದ್ದರು.

ಆ ಪತ್ರವನ್ನು ನಾನು ಹೆಮ್ಮೆಯಿಂದಲೇ ಓದಿದೆ. ಎರಡನೆಯ ಸಲ ಓದುವಾಗ ಅದರ ಪ್ರಾಮಾಣಿಕತೆ ಹೆಚ್ಚು ನಾಟಿತು. ಇಂಥ ಸೂರಃದ ಇಂಥ ಆಯತ್‌ನಲ್ಲಿ ನಿಷೇಧವಿದೆ ಎಂದು ಅವರು ಬರೆಯಲಿಲ್ಲ. ಒಮ್ಮತ ಎಂದರು, ಒಂದು ಶತಮಾನ ಎಂದರು. ಅಂದರೆ ಹುಡುಗಿ ಕೇಳಿದ ಕೊನೆಯ ಹಂತ ಬಂದದ್ದು ನಿಜ. ಅದನ್ನು ತಂದವರು ಮನುಷ್ಯರು. ಗ್ರಂಥದ ದಿಕ್ಕನ್ನು ನೋಡಿ, ಅದು ನಿಲ್ಲಿಸಿದ ಜಾಗದಿಂದ ಮುಂದಕ್ಕೆ ಅವರು ನಡೆದರು.

ಹಾಗಾದರೆ ಆಜ್ಞೆಯೇ ನೀತಿಯ ಮೂಲ ಎಂಬ ಮಾತು ಎಲ್ಲಿ ನಿಲ್ಲುತ್ತದೆ? ಗ್ರೀಸಿನ ಪ್ಲೇಟೋ ಈ ಗಂಟನ್ನು ಸಾಕ್ರಟೀಸನ ಬಾಯಿಂದ ಹಿಂದೆಯೇ ಬಿಚ್ಚಿಸಿದ್ದ. ದೇವರು ಮೆಚ್ಚಿದ್ದರಿಂದ ಒಂದು ಕೆಲಸ ಒಳ್ಳೆಯದಾಯಿತೋ, ಒಳ್ಳೆಯದಾದ್ದರಿಂದ ದೇವರು ಅದನ್ನು ಮೆಚ್ಚಿದನೋ? ನಮ್ಮ ಪರಂಪರೆಗೂ ಈ ಪ್ರಶ್ನೆ ಹೊಸತಲ್ಲ. ಬಸ್ರಾ, ಬಗ್ದಾದುಗಳ ಮುಅ್‌ತಝಿಲಾ ಚಿಂತಕರು ನ್ಯಾಯ-ಅನ್ಯಾಯಗಳನ್ನು ಬುದ್ಧಿ ತಾನಾಗಿ ಗುರುತಿಸಬಲ್ಲದು, ದೇವವಾಣಿ ಅದನ್ನು ಖಚಿತಪಡಿಸುತ್ತದೆ ಎಂದರು. ಅಶ್ಅರಿ ಪಂಥದವರು ಒಪ್ಪಲಿಲ್ಲ, ಅಲ್ಲಾಹು ಆಜ್ಞಾಪಿಸಿದ್ದೇ ಒಳ್ಳೆಯದು, ನಿಷೇಧಿಸಿದ್ದೇ ಕೆಟ್ಟದ್ದು ಎಂದರು. ನಡುವೆ ನಿಂತ ಮಾತುರೀದಿಗಳು ಬುದ್ಧಿಗೆ ಸ್ವಲ್ಪ ಜಾಗ ಬಿಟ್ಟರು. ಚರ್ಚೆ ಗೆದ್ದವರು ಅಶ್ಅರಿಗಳು ಎಂದು ಪುಸ್ತಕಗಳು ಹೇಳುತ್ತವೆ. ಬದುಕಿನಲ್ಲಿ ಗೆದ್ದವರು ಯಾರೆಂಬುದು ನನಗೆ ಅನುಮಾನ. ಪ್ರತಿವರ್ಷ ಬಕ್ರೀದಿಗೆ ಇಬ್ರಾಹೀಮರ ತ್ಯಾಗವನ್ನು ನೆನೆಯುತ್ತೇವೆ. ನಾಳೆ ನಮ್ಮ ಬೀದಿಯ ಒಬ್ಬ, ಮಗನನ್ನು ಬಲಿ ಕೊಡೆಂದು ಕನಸಾಯಿತು ಎಂದು ಚೂರಿ ಮಸೆಯತೊಡಗಿದರೆ ಯಾವ ಮೌಲವಿಯೂ ಅವನ ಕನಸಿನ ಸನದು ವಿಚಾರಿಸುತ್ತಾ ಕೂರುವುದಿಲ್ಲ. ಮೊದಲು ಮಗುವನ್ನು ಎತ್ತಿಕೊಂಡು ಓಡುತ್ತಾನೆ, ಆಮೇಲೆ ಪೊಲೀಸರನ್ನು ಕರೆಯುತ್ತಾನೆ. ಅಂಥ ಆಜ್ಞೆ ಅಲ್ಲಾಹುವಿನದಾಗಿರಲು ಸಾಧ್ಯವಿಲ್ಲ ಎಂಬ ಅವನ ಖಾತರಿ ಒಳ್ಳೆಯದರ ಕುರಿತ ಅರಿವಿನಿಂದ ಬಂದದ್ದು. ಆ ಅರಿವೇ ಇಲ್ಲದಿದ್ದರೆ ಅಲ್ಲಾಹು ಒಳ್ಳೆಯವನು ಎಂಬ ಮಾತಿಗೂ ಅರ್ಥವಿರುವುದಿಲ್ಲ.

ಪರಂಪರೆಗಳು ಬದುಕಿ ಉಳಿದದ್ದೇ ಈ ಅರಿವಿನ ಬಲದಿಂದ. ಬರಗಾಲದ ವರ್ಷ, ಕ್ರಿ.ಶ. 639ರ ಸುಮಾರಿಗೆ, ಹಸಿವಿನಿಂದ ಕದ್ದವನ ಕೈ ಕಡಿಯುವುದನ್ನು ಖಲೀಫ ಉಮರ್(ರ) ತಡೆಹಿಡಿದರು. ಆಜ್ಞೆ ಸ್ಪಷ್ಟವಾಗಿತ್ತು, ಅವರು ಅದರ ಉದ್ದೇಶವನ್ನು ನೋಡಿದರು. ಮುಂದೆ ಗ್ರನಡಾದ ಶಾತಿಬಿ ಇದನ್ನೇ ಒಂದು ಶಾಸ್ತ್ರವಾಗಿ ಬೆಳೆಸಿದರು. ಯಹೂದಿ ಪಂಡಿತರ ದಾರಿ ಇನ್ನೂ ಸೊಗಸಾಗಿದೆ. ತಂದೆತಾಯಿಯ ಮಾತು ಕೇಳದ ಮೊಂಡ ಮಗನನ್ನು ಊರವರು ಕಲ್ಲೆಸೆದು ಕೊಲ್ಲಬೇಕೆಂದು ಧರ್ಮೋಪದೇಶಕಾಂಡದಲ್ಲಿದೆ. ತಾಲ್ಮೂದಿನ ಪಂಡಿತರು ಈ ಕಾನೂನಿಗೆ ಶರತ್ತಿನ ಮೇಲೆ ಶರತ್ತು ಹಾಕಿ, ತಂದೆತಾಯಿಯರ ದನಿ ಒಂದೇ ಆಗಿರಬೇಕು, ಎತ್ತರ ಒಂದೇ ಆಗಿರಬೇಕು ಎಂದೆಲ್ಲ ಹೇಳಿ, ಕೊನೆಗೆ ಅಂಥ ಮಗ ಹುಟ್ಟಿದ್ದೇ ಇಲ್ಲ, ಹುಟ್ಟುವುದೂ ಇಲ್ಲ ಎಂದುಬಿಟ್ಟರು. ಒಬ್ಬ ರಬ್ಬಿ ಮಾತ್ರ, ಇಲ್ಲ, ನಾನು ಅವನ ಗೋರಿಯ ಮೇಲೆ ಕುಳಿತಿದ್ದೆ ಎಂದು ಹಟ ಹಿಡಿದನಂತೆ. ಎಲ್ಲ ಸಮುದಾಯದಲ್ಲೂ ಅಂಥವನೊಬ್ಬ ಇರುತ್ತಾನೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ಈ ಜಾಣ್ಮೆಯೇ ಕೆಲವೊಮ್ಮೆ ತೊಂದರೆಯೂ ಹೌದು. ಆಜ್ಞೆಯನ್ನು ತಪ್ಪೆಂದು ಹೇಳದೆ ಪಕ್ಕಕ್ಕಿಟ್ಟರೆ ಅದು ಕಪಾಟಿನಲ್ಲಿ ಹಾಗೆಯೇ ಇರುತ್ತದೆ. ಸಾವಿರ ವರ್ಷದ ಮೇಲೆ ಯಾರೋ ಒಬ್ಬ ಬಂದು ಧೂಳು ಝಾಡಿಸಿ ತೆಗೆದರೆ ಅವನು ಗ್ರಂಥಕ್ಕೆ ನಿಷ್ಠನಾದವನೆಂದೂ ನಾವು ರಾಜಿ ಮಾಡಿಕೊಂಡವರೆಂದೂ ಕಾಣುತ್ತದೆ. ಸಿಂಜಾರಿನಲ್ಲಿ ಆದದ್ದು ಇದೇ. ಡಾ. ಅಂಬೇಡ್ಕರ್ ಈ ಅಪಾಯವನ್ನು ಎಲ್ಲರಿಗಿಂತ ಚೆನ್ನಾಗಿ ಕಂಡವರು. 1927ರ ಡಿಸೆಂಬರ್ 25ರಂದು ಮಹಾಡದಲ್ಲಿ ಮನುಸ್ಮೃತಿಯನ್ನು ಬೆಂಕಿಗೆ ಹಾಕಿದಾಗ, ಈಗ ಅದನ್ನು ಯಾರು ಪಾಲಿಸುತ್ತಾರೆ, ಹಳೆಯ ಪುಸ್ತಕವನ್ನು ಯಾಕೆ ಸುಡಬೇಕು ಎಂದವರಿದ್ದರು. ಕೆರೆಯ ನೀರು ಮುಟ್ಟಲು ಬಿಡದವರ ಎದುರು ನಿಂತವನಿಗೆ ಆ ಪುಸ್ತಕ ಹಳೆಯದಾಗಿರಲಿಲ್ಲ. 1936ರ ‘ಜಾತಿವಿನಾಶ’ದಲ್ಲಿ ಅವರು ನಿಯಮ ಮತ್ತು ತತ್ವ ಎಂದು ಎರಡನ್ನು ಬೇರ್ಪಡಿಸುತ್ತಾರೆ. ನಿಯಮ ಇಂಥದ್ದನ್ನು ಮಾಡು ಎನ್ನುತ್ತದೆ, ಅಡುಗೆಯ ವಿಧಾನದಂತೆ. ತತ್ವ ಯೋಚಿಸುವುದಕ್ಕೆ ಅಳತೆಗೋಲು ಕೊಡುತ್ತದೆ, ಹೊಣೆಯನ್ನು ಮಾಡುವವನ ತಲೆಗೇ ಬಿಡುತ್ತದೆ. ಬರೀ ಆಜ್ಞೆಗಳ ಮೂಟೆಯಾದದ್ದು ಧರ್ಮವಲ್ಲ, ಕಾನೂನು ಎಂಬುದು ಅವರ ವಾದ. ಹಿಂದೂ ಧರ್ಮವನ್ನು ಕುರಿತು ಹೇಳಿದ ಮಾತೆಂದು ನಮ್ಮವರು ಅದನ್ನು ಸಂತೋಷದಿಂದ ಉಲ್ಲೇಖಿಸುತ್ತಾರೆ. ಅದೇ ಅಳತೆಗೋಲನ್ನು ನಮ್ಮ ಮನೆಗೂ ಹಿಡಿದು ನೋಡುವವರು ಕಡಿಮೆ.

ನೋಡಿದ ಒಬ್ಬರು ನಮ್ಮಲ್ಲೇ ಇದ್ದರು. ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ 1981ರಲ್ಲಿ ‘ಲಂಕೇಶ್ ಪತ್ರಿಕೆ’ಯಲ್ಲಿ ಧಾರಾವಾಹಿಯಾಗಿ ಬಂತು. ತಲಾಖ್ ಆದ ನಾದಿರಾ ಮತ್ತೆ ತನ್ನ ಗಂಡನನ್ನೇ ಸೇರಬೇಕಾದರೆ ನಡುವೆ ಇನ್ನೊಬ್ಬನನ್ನು ಮದುವೆಯಾಗಿ ಒಂದು ರಾತ್ರಿ ಕಳೆಯಬೇಕು. ಗಂಡಸರು ಸುಲಭವಾಗಿ ತಲಾಖ್ ಹೇಳದಿರಲಿ ಎಂದು ಹುಟ್ಟಿದ ಕಟ್ಟಳೆ ಅದು ಎಂದು ವ್ಯಾಖ್ಯಾನಕಾರರು ಹೇಳುತ್ತಾರೆ. ಆದರೆ ತಲಾಖ್ ಹೇಳಿದವನಿಗೆ ಆಗಬೇಕಿದ್ದ ಶಿಕ್ಷೆ ಹೇಳಿಸಿಕೊಂಡವಳ ಮೈಮೇಲೆ ಬೀಳುತ್ತದೆ. ನಾದಿರಾ ಮಸೀದಿಯ ಕೆರೆಗೆ ಇಳಿಯುತ್ತಾಳೆ. ಆ ಕಾದಂಬರಿ ಓದಿ ಮುಗಿಸಿದ ಯಾವ ಹೆಂಗಸಿಗೂ ತಪ್ಪು ಎಲ್ಲಿದೆ ಎಂದು ಮುಫ್ತಿಯನ್ನು ಕೇಳಬೇಕೆನಿಸಲಿಲ್ಲ. ಒಂದೇ ಉಸಿರಿನ ಮೂರು ತಲಾಖ್ ಅನ್ನು ಸುಪ್ರೀಮ್ ಕೋರ್ಟು ಅಸಿಂಧುವೆಂದದ್ದು 2017ರ ಆಗಸ್ಟ್ 22ರಂದು, ಕಾದಂಬರಿ ಬಂದು ಮೂವತ್ತಾರು ವರ್ಷಗಳಾದ ಮೇಲೆ.

ಇಷ್ಟು ಹೇಳಿದ ಮೇಲೆ ಗ್ರಂಥವನ್ನು ಮುಚ್ಚಿಟ್ಟು ಬುದ್ಧಿಯೊಂದನ್ನೇ ನಂಬಿದರೆ ಸಾಕಲ್ಲ ಎಂದು ವಿಚಾರವಾದಿ ಗೆಳೆಯರು ಕೇಳುತ್ತಾರೆ. ನನಗೆ ಅಷ್ಟು ಧೈರ್ಯವಿಲ್ಲ. ಬುದ್ಧಿಗೆ ಅರಿಸ್ಟಾಟಲ್‌ಗಿಂತ ದೊಡ್ಡ ಹೆಸರು ಯಾವುದಿದೆ? ಕೆಲವರು ಹುಟ್ಟಿನಿಂದಲೇ ಗುಲಾಮರು, ಗುಲಾಮಗಿರಿ ಅವರಿಗೇ ಒಳ್ಳೆಯದು ಎಂದು ಬರೆದವನು ಅವನೇ. ಅವನಿಗೆ ಯಾವ ದೇವರೂ ಆಜ್ಞೆ ಕೊಟ್ಟಿರಲಿಲ್ಲ. ಸ್ವಾತಂತ್ರ್ಯದ ದಾರ್ಶನಿಕನೆಂದು ಹೊಗಳಿಸಿಕೊಳ್ಳುವ ಜಾನ್ ಲಾಕ್ ಗುಲಾಮರ ವ್ಯಾಪಾರ ಮಾಡುತ್ತಿದ್ದ ರಾಯಲ್ ಆಫ್ರಿಕನ್ ಕಂಪನಿಯಲ್ಲಿ ಷೇರು ಇಟ್ಟಿದ್ದ. ಬ್ರಿಟಿಷ್ ಸಂಸತ್ತು 1833ರಲ್ಲಿ ಗುಲಾಮಗಿರಿ ರದ್ದು ಮಾಡಿ 2 ಕೋಟಿ ಪೌಂಡ್ ಪರಿಹಾರ ಮಂಜೂರು ಮಾಡಿತಲ್ಲ, ಅದು ಹೋದದ್ದು ಯಜಮಾನರಿಗೆ. ಗುಲಾಮರಿಗೆ ಒಂದು ಪೆನ್ನಿಯೂ ಇಲ್ಲ. ವಿವೇಕದ ಲೆಕ್ಕಪುಸ್ತಕದಲ್ಲೂ ಮನುಷ್ಯ ಸೊತ್ತೇ ಆಗಿದ್ದ. ಅದೇ ಹೊತ್ತಿಗೆ, ಓದುಬರಹ ಬಾರದ ಗುಲಾಮರು ಮೂಸಾರ ಕಥೆಯನ್ನು ಕಿವಿಯಿಂದ ಕಿವಿಗೆ ದಾಟಿಸಿ ಹಾಡಾಗಿಸಿಕೊಂಡರು. ರಾತ್ರೋರಾತ್ರಿ ಗುಲಾಮರನ್ನು ಉತ್ತರಕ್ಕೆ ದಾಟಿಸುತ್ತಿದ್ದ ಹ್ಯಾರಿಯೆಟ್ ಟಬ್‌ಮನ್‌ಗೆ ಜನ ಇಟ್ಟ ಹೆಸರು ಮೋಸೆಸ್. ಕತ್ತರಿಸಿ ತೆಗೆದ ಪುಟ ಅವರ ಬಳಿ ಇತ್ತು.

ಕಾಲದ ಮಿತಿ ಎಂಬ ನೆಪವೂ ಪೂರ್ತಿ ನಿಲ್ಲುವುದಿಲ್ಲ. ನಾಲ್ಕನೆಯ ಶತಮಾನದಲ್ಲೇ ನೀಸ್ಸಾದ ಗ್ರೆಗರಿ ಎಂಬ ಬಿಷಪ್, ದೇವರ ರೂಪವನ್ನು ಹೊತ್ತ ಮನುಷ್ಯನಿಗೆ ಎಷ್ಟು ಬೆಲೆ ಕಟ್ಟುತ್ತೀರಿ ಎಂದು ಯಜಮಾನರನ್ನು ಚುಚ್ಚಿ ಕೇಳಿದ. ಅವನ ಕೈಯಲ್ಲಿದ್ದದ್ದೂ ಅದೇ ಬೈಬಲ್. ಆ ಕಾಲದಲ್ಲಿ ಕಾಣಲು ಸಾಧ್ಯವಿತ್ತು. ಕಂಡವನ ಮಾತು ಕೇಳಿದವರು ಕಡಿಮೆ.

ಅಂತಃಸಾಕ್ಷಿಗೆ ಬೇಕಾದ್ದನ್ನು ಆರಿಸಿಕೊಂಡರೆ ಅಂತಃಸಾಕ್ಷಿಯನ್ನು ತಿದ್ದುವವರು ಯಾರು ಎಂಬ ಆಕ್ಷೇಪವನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ದಕ್ಷಿಣದ ಯಜಮಾನನ ಅಂತಃಸಾಕ್ಷಿಯೂ ನೆಮ್ಮದಿಯಾಗಿ ನಿದ್ರಿಸುತ್ತಿತ್ತು. ನನಗೆ ತೋಚುವ ಉತ್ತರ ಇಷ್ಟೇ: ಆಜ್ಞೆಯ ಅರ್ಥವನ್ನು ಅದರಿಂದ ಲಾಭ ಪಡೆಯುವವನ ಬಳಿ ಕೇಳಬಾರದು, ಅದರ ಭಾರ ಹೊರುವವನ ಬಳಿ ಕೇಳಬೇಕು. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಂಚಿನಲ್ಲಿ ಸಿದ್ದಿಗಳಿದ್ದಾರೆ. ಪೋರ್ಚುಗೀಸರು ಗೋವಾಕ್ಕೂ ಅರಬ್ ವರ್ತಕರು ಬೇರೆ ಬಂದರುಗಳಿಗೂ ಹಿಡಿದು ತಂದ ಆಫ್ರಿಕನ್ನರ ಸಂತತಿ. ಅವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಸರಕಾರ ಅವರನ್ನು ಪರಿಶಿಷ್ಟ ಪಂಗಡವೆಂದು ಗುರುತಿಸಿದ್ದು 2003ರಲ್ಲಿ. ಒಮ್ಮೆ ಅಲ್ಲಿಯ ಒಂದು ಸಣ್ಣ ಮಸೀದಿಯಲ್ಲಿ ಅಸ್ರ್ ನಮಾಝ್ ಮಾಡಿ ಹೊರಗೆ ಕುಳಿತಿದ್ದಾಗ ಹಿರಿಯರೊಬ್ಬರು ಹೇಳಿದರು: “ನಮಾಝಿನ ಸಾಲಿನಲ್ಲಿ ನಿಮ್ಮ ಹೆಗಲಿಗೆ ನಮ್ಮ ಹೆಗಲು ತಾಗುತ್ತದೆ, ಸಾಹೇಬರೇ. ಮಗನಿಗೆ ಹೆಣ್ಣು ಕೇಳಲು ಪೇಟೆಗೆ ಬಂದರೆ ಮಾತ್ರ ಬಾಗಿಲು ತಾಗುತ್ತದೆ.” ಅವರು ನಗುತ್ತಲೇ ಹೇಳಿದ್ದರು. ಗುಲಾಮಗಿರಿಯ ಕುರಿತು ನಾನು ಓದಿದ ಯಾವ ತಫ್ಸೀರಿನಲ್ಲೂ ಈ ಸಾಲಿರಲಿಲ್ಲ.

ಇನ್ನೊಂದು ವಿಚಿತ್ರವನ್ನೂ ಸೇರಿಸಬೇಕು. ನಿಮ್ಮ ಕೈಕೆಳಗಿರುವವರು ನಿಮ್ಮ ಸಹೋದರರು, ನೀವು ಉಣ್ಣುವುದನ್ನೇ ಅವರಿಗೆ ಉಣಿಸಿ, ಉಡುವುದನ್ನೇ ಉಡಿಸಿ ಎಂದು ಪ್ರವಾದಿಯವರು(ಸ) ಗುಲಾಮರ ಬಗ್ಗೆ ಹೇಳಿದ ಹದೀಸ್ ಎಲ್ಲರಿಗೂ ಗೊತ್ತು. ಗುಲಾಮಗಿರಿಯನ್ನು ರದ್ದು ಮಾಡಿ ಆ ಆಜ್ಞೆಯಿಂದ ಮುಂದೆ ಬಂದೆವು ಎಂದು ನಾವು ಬೀಗುತ್ತೇವೆ. ಸಂಬಳಕ್ಕೆ ದುಡಿಯುವವರ ತಟ್ಟೆಯ ವಿಷಯ ಬಂದಾಗ ಆ ಹಳೆಯ ಆಜ್ಞೆಯ ಹತ್ತಿರಕ್ಕೂ ಇನ್ನೂ ಹೋಗಿಲ್ಲ.

ಪ್ರಶ್ನೆ ಕೇಳಿದ ಹುಡುಗಿ ಈಗ ಬೆಂಗಳೂರಿನಲ್ಲಿ ವಕೀಲೆ. ಕಳೆದ ಬಕ್ರೀದಿಗೆ ಊರಿಗೆ ಬಂದಿದ್ದಳು. ಇಷ್ಟು ವರ್ಷ ನಾನು ಓದಿದ್ದನ್ನೆಲ್ಲ ಅವಳಿಗೆ ಒಪ್ಪಿಸಬೇಕೆಂದು ಕಾದಿದ್ದೆ. ಟ್ಯುನೀಸಿಯಾದ ಬೇ, ಬಗ್ದಾದಿಗೆ ಬರೆದ ಪತ್ರ ಎಲ್ಲವನ್ನೂ ಹೇಳಿದೆ. “ಅಂದರೆ ಕೊನೆಯ ಹಂತವನ್ನು ನಮಗೆ ಬಿಟ್ಟಿದ್ದ ಅಂತ ಆಯಿತು” ಎಂದಳು. ಇರಬಹುದು ಎಂದೆ. ಅವಳು ಚಹಾ ತರಲು ಅಡುಗೆಮನೆಗೆ ಹೋದಳು. ಕಿಟಕಿಯ ಕಟ್ಟೆಯಲ್ಲಿ ಮಗುಚಿ ಇಟ್ಟಿದ್ದ ಸ್ಟೀಲ್ ಲೋಟವನ್ನು ತೆಗೆದುಕೊಂಡಾಗ ನನ್ನ ಹೆಂಡತಿ, “ಅದು ಬೇಡ ಮೋಳೆ, ಅದು ಕೆಲಸಕ್ಕೆ ಬರುವವಳದ್ದು” ಎಂದದ್ದು ಜಗಲಿಗೂ ಕೇಳಿಸಿತು. ಆ ಲೋಟ ಎಷ್ಟೋ ವರ್ಷದಿಂದ ಅಲ್ಲೇ ಇತ್ತು. ನಾನು ದಿನಾ ನೋಡುತ್ತಿದ್ದೆ.

ಹುಡುಗಿ ಅದರಲ್ಲೇ ಚಹಾ ಸುರಿದುಕೊಂಡು ಬಂದು ನನ್ನೆದುರು ಕುಳಿತಳು. ಈ ಸಲ ಏನನ್ನೂ ಕೇಳಲಿಲ್ಲ.